ಚಪ್ಪಲಿ ನಿಲ್ಲಿಸಿದ ಸಮುದ್ರ

ಹಲೋ... ಯಾರು ಮಾತಾಡ್ತಿರೋದು?... ಹಾಂ, ಬಂದರಿನ ಆಫೀಸೇ. ನೀರಿನ ಮಟ್ಟ ಅಳೆಯೋನು ನಾನೇ... ಓ, ಭಾವ, ನೀವಾ? ಮಂತ್ರಿಗಳ ಆಫೀಸಿನ ನಂಬರ್ ನೋಡಿ ಎದ್ದು ನಿಂತ್ಬಿಟ್ಟಿದ್ದೆ. ಈಗ ಕೂತ್ಕೋತೀನಿ.

...

ಬಂದಿದೆ ನಿಮ್ಮ ಪತ್ರ. ಆಚೆ ದಡದ ದೇಶಕ್ಕೆ ಇನ್ಮೇಲೆ ನಮ್ಮ ಅಳತೆ ಕೊಡಲ್ಲ, ಅವರದ್ದು ತಗೊಳ್ಳಲ್ಲ ಅಂತ ನಾನು ಸಹಿ ಹಾಕ್ಬೇಕು. ಒಂದು ಗಂಟೆಯೊಳಗೆ. ಇಲ್ಲಾಂದ್ರೆ ಕೆಲಸ ಹೋಗುತ್ತೆ, ಅಲ್ವಾ?

...

ಧೈರ್ಯಾನಾ? ನನಗಾ? ಬೆಳಗ್ಗೆ ಕನ್ನಡಿ ಮುಂದೆ ನಿಂತು "ಸಂಶೋಧನೆಗೆ ಪಕ್ಷ ಇಲ್ಲ" ಅಂತ ನಾಲ್ಕು ಸಲ ಗುಡುಗಿದೆ. ಆಮೇಲೆ ನಿಮ್ಮ ಪತ್ರ ತಂದ ಜವಾನನಿಗೇ "ನಮಸ್ಕಾರ ಸಾರ್" ಅಂದೆ. ನಿಮ್ಮ ಪಕ್ಷದವರು ನನ್ನನ್ನ ಆಚೆ ದಡದ ಏಜೆಂಟ್ ಅಂತಾರೆ, ವಿರೋಧ ಪಕ್ಷದವರು ಪುಕ್ಕಲ ಅಂತಾರೆ. ಒಬ್ಬರದ್ದಾದ್ರೂ ಸರಿ ಇದೆ.

...

ಯಾವ ನಕ್ಷೆ? ಮಂತ್ರಿಗಳು ಟೀವಿಯಲ್ಲಿ ಎತ್ತಿ ಹಿಡಿದು, "ಹನ್ನೊಂದು ದಿನದಿಂದ ನೀರಿನ ಮಟ್ಟದ ಗೆರೆ ಅಲುಗಾಡಿಲ್ಲ, ಸಮುದ್ರ ಏರ್ತಿದೆ ಅನ್ನೋದೆಲ್ಲ ಬುರುಡೆ" ಅಂದ್ರಲ್ಲ, ಅದಾ?... ಅದರ ವಿಷಯ ಹೇಳ್ಬೇಕಿತ್ತು. ಸಮುದ್ರ ನಿಂತಿರಲಿಲ್ಲ ಭಾವ. ನನ್ನ ಚಪ್ಪಲಿ ಸಿಕ್ಕಿಕೊಂಡಿತ್ತು.

...

ಚಪ್ಪಲಿ. ಎಡಗಾಲಿಂದು. ಅಳತೆ ಪೈಪಿನೊಳಗೆ ಬಿದ್ದು ತೇಲೋ ಡಬ್ಬಿಗೆ ಅಡ್ಡ ಕೂತಿತ್ತು. ಡಬ್ಬಿ ಏರಿಳಿದ್ರೆ ತಾನೆ ಗೆರೆ ಏರಿಳಿಯೋದು. ನಾನು ಬೀದಿನಾಯಿ ಕಚ್ಕೊಂಡು ಹೋಯ್ತು ಅಂತ ಅನುಮಾನ ಪಟ್ಟು ಎರಡು ದಿನ ಅದನ್ನ ಬೈದೆ. ಗೆರೆ ನೆಟ್ಟಗಿರೋದು ನೋಡಿ "ಸಮುದ್ರ ಶಾಂತ" ಅಂತ ಷರಾ ಬರೆದೋನೂ ನಾನೇ. ಇಪ್ಪತ್ತಾರು ವರ್ಷದ ಅನುಭವ. ದಿನಾ ಉಬ್ಬರ ಬರುತ್ತೆ ಅನ್ನೋದೇ ತಲೇಲಿ ಇರಲಿಲ್ಲ.

...

ಕಂಡುಹಿಡಿದಿದ್ದು ಆಚೆ ದಡದಲ್ಲಿ ನನ್ನ ಹಾಗೇ ನೀರು ಅಳೆಯೋ ಮೇಡಂ. ಫೋನ್ ಮಾಡಿ, "ನಮ್ಮ ಸಮುದ್ರ ಓಡಾಡ್ತಿದೆ, ನಿಮ್ಮದಕ್ಕೆ ಹುಷಾರಿಲ್ವಾ?" ಅಂದ್ರು... ಇಲ್ಲಪ್ಪ, ಆಡ್ಕೊಳ್ಳಲಿಲ್ಲ. ಹೋದ ವರ್ಷ ಅವರ ಪೈಪಲ್ಲಿ ಏಡಿ ಸಂಸಾರ ಹೂಡಿತ್ತು, ಆಗ ನಾನು ಹೇಳಿದ್ದೆ.

...

ಮುಚ್ಚಿಡೋದಾ? ತಿದ್ದುಪಡಿ ಬರೆದಾಗಿದೆ, ಚಪ್ಪಲಿ ಸೈಜಿನ ಸಮೇತ... ಮಾನ ಹೋಗುತ್ತಾ? ಹೋಗೋದು ನಂದು ತಾನೆ, ಅದೇನು ದೊಡ್ಡ ಗಂಟಲ್ಲ ಬಿಡಿ.

...

ಯಾಕೆ, ಧ್ವನಿ ಇಳಿಸಿದ್ರಿ?... ಹೊಸ ಮನೆಯಾ? ಆ ಗೆರೆ ನೋಡಿ ದಡದಲ್ಲಿ ಪಾಯ ಹಾಕಿಸ್ತಿದೀರಾ? ಅಯ್ಯೋ ಭಾವ, ನಿಮ್ಮ ಮಂತ್ರಿಗಳು ಟೀವಿಯಲ್ಲಿ ಹೇಳಿದ್ದನ್ನ ನೀವೇ ನಂಬಿಬಿಟ್ರಾ?... ಅಕ್ಕನ ರೂಮು ಕೆಳಗೇ ಅಲ್ವಾ, ಮಂಡಿನೋವು ಅಂತ?

...

ಎಷ್ಟು ಎತ್ತರಿಸ್ಬೇಕು ಅಂತ ಹೇಗೆ ಹೇಳ್ಲಿ? ದೊಡ್ಡ ಉಬ್ಬರ ಬಂದಿದ್ದೇ ಆ ಹನ್ನೊಂದು ದಿನದಲ್ಲಿ. ನೀರು ಎಲ್ಲೀವರೆಗೆ ಏರಿತ್ತು ಅನ್ನೋದು ಮೇಡಂ ಹತ್ರ ಮಾತ್ರ ಇದೆ. ಸಹಿ ಹಾಕಿದ್ರೆ ಕೇಳೋ ಹಾಗಿಲ್ಲ, ಅಲ್ವಾ?

...

ಅಕ್ಕನಿಗೋಸ್ಕರ ಗುಟ್ಟಾಗಿ ಕೇಳಿ, ಆಮೇಲೆ ಸಹಿ ಹಾಕ್ಲಾ? ನಮ್ಮ ದಡದಲ್ಲಿ ಮಲಗೋ ಉಳಿದೋರು ಯಾರ ಅಕ್ಕಂದಿರೂ ಅಲ್ವಾ ಭಾವ?

...

ಏನು ಸದ್ದಾ? ನಿಮ್ಮ ಪತ್ರ. ಹರಿದು ಹಾಕ್ತಿದೀನಿ. ಸೊಟ್ಟಸೊಟ್ಟ ಹರೀತಿದೆ, ಆದ್ರೂ ಹರೀತಿದೆ. ಮೇಡಂಗೆ ಈಗ್ಲೇ ಫೋನ್ ಮಾಡ್ತೀನಿ, ಅಲ್ಲೀವರೆಗೆ ನೀವು ಮೇಸ್ತ್ರಿಗೆ ಹೇಳಿ ಕೆಲಸ ನಿಲ್ಸಿ... ಹಲೋ?... ಭಾವ, ನಿಲ್ಸಿ ಅಂದೆ, ಕೇಳಿಸ್ತಾ? ಫೋನ್ ಇಟ್ಬಿಟ್ರಾ?... ಹಲೋ...