ಬನ್ನಿನ ತಳ

...ಅದೇ, ಅದೇ ಮಾತು ಇನ್ನೊಂದು ಸಲ ಹೇಳು, ಒಲೆಗೂ ಕೇಳಿಸಲಿ! ಸಕ್ಕರೆ ಬಿಟ್ಟೆ, ಮೈದಾ ಬಿಟ್ಟೆ, ಕರಿದದ್ದು ಬಿಟ್ಟೆ, ಮಂಡಿ ಊತ ಇಳೀತು... ಆಹಾಹಾ! ಬೇಕರಿಯವನ ಮಗಳು, ಬೇಕರಿಯವನ ತಂಗಿ, ಮೈದಾ ಬಿಟ್ಟಳಂತೆ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ನೋವು ಮಂಡೀಲಿ, ಶಿಕ್ಷೆ ನಾಲಿಗೆಗೆ!

ಯಾಕೆ ನಗ್ತೀಯ? ಈಗೇನು ತಿಂತೀಯ? ಮೀನು, ಸೊಪ್ಪು, ಕಾಳು... ಥೂ, ಅದೂ ಒಂದು ಊಟಾನಾ! ಗೊತ್ತು, ಗೊತ್ತು, ಮಾತ್ರೆ ಬಿಟ್ಟಿಲ್ಲ. ಊಟದಿಂದಲೇ ವಾಸಿ ಆಗುತ್ತೆ ಅಂತ ಡಾಕ್ಟ್ರು ಹೇಳಿಲ್ಲ, ಉರಿಯೋ ಬೆಂಕಿಗೆ ತುಪ್ಪ ಸುರೀಬೇಡ ಅಂದ್ರು ಅಷ್ಟೇ. ಕೇಳಿ ಕೇಳಿ ಕಿವಿ ತೂತು ಬಿತ್ತು ಕಣೇ.

ನಾನಾ? ನಾನ್ಯಾಕೆ ಬರಲಿ ನಿನ್ನ ಡಾಕ್ಟ್ರ ಹತ್ತಿರ? ನನಗೇನು ದಾಡಿ? ಸಿಹಿ ಬನ್ನು ಒಲೆಯಿಂದ ಇಳಿದ ಕೂಡಲೇ ಬಿಸಿಬಿಸಿ ಹೊಟ್ಟೆಗೆ ಇಳಿಸ್ತೀನಿ, ಗುಂಡುಕಲ್ಲಿನ ಹಾಗಿದ್ದೀನಿ! ಅಪ್ಪ ಏನಂತಿದ್ದ? ಕೈಯಲ್ಲಿ ಹಿಟ್ಟು ಪಳಗಿಸೋಕೆ ಆಗದವನು ಒಲೆ ಆರಿಸಿ ಮನೆಗೆ ಹೋಗಲಿ ಅಂತಿದ್ದ. ಹಾಗಿದ್ದ ಗಂಡಸು.

ಹೂಂ, ಮೊಣಕೈಯಲ್ಲಿ ನಾದ್ತಿದ್ದೀನಿ. ಏನೀಗ? ಹೊಸ ವಿಧಾನ. ನಿನಗೇನು ಗೊತ್ತು, ಸೊಪ್ಪು ತಿನ್ನೋಳಿಗೆ!

ಏಯ್... ಆ ಬನ್ನು ಯಾಕೆ ಮಗುಚಿದೆ? ತಳದಲ್ಲೇನು ನಿಧಿ ಇದೆಯಾ? ಇಡು. ಎಲ್ಲೋ ಒಂದರ ತಳ ಬಾಯಿ ಬಿಟ್ಟಿರುತ್ತೆ, ಯೀಸ್ಟ್ ಸರಿಯಿಲ್ಲ... ಇನ್ನೊಂದು ಮಗುಚಬೇಡ! ಈ ಸಲದ ಮೈದಾನೇ ದರಿದ್ರ ಕಣೇ. ಒಲೆ ಕಾವೂ ಜಾಸ್ತಿ... ಅಯ್ಯೋ, ಟ್ರೇ ಪೂರ್ತಿ ಮಗುಚ್ತೀಯಾ? ಗೊತ್ತು ಮಾರಾಯ್ತಿ, ಉಂಡೆ ಕಟ್ಟಿ ತಳ ಚಿವುಟಿ ಮುಚ್ಚದಿದ್ರೆ ಬನ್ನು ಹೀಗೇ ಒಡೆಯೋದು. ನಿನಗೆ ಕಲಿಸಿದ್ದೇ ನಾನು!

ಬೈಯೋದಾದ್ರೆ ಬೈ. ಹಾಗೆ ನನ್ನ ಕೈ ನೋಡ್ತಾ ನಿಲ್ಲಬೇಡ...

ಚಿವುಟೋಕೆ ಆಗ್ತಿಲ್ಲ. ಸಾಕಾ? ಹೆಬ್ಬೆರಳು ಮಡಚೋದೇ ಇಲ್ಲ. ಬೆಳಗ್ಗೆ ಎದ್ರೆ ಗೆಣ್ಣುಗಳೆಲ್ಲ ಊದಿಕೊಂಡು, ಲೋಟ ಹಿಡಿಯೋಕೂ... ಅಮ್ಮಾ! ಕೈ ಮೆಲ್ಲಗೆ ಹಿಡಿಯೇ!

...ಬರ್ತೀನಿ. ಕರ್ಕೊಂಡು ಹೋಗು ಆ ನಿನ್ನ ಡಾಕ್ಟ್ರ ಹತ್ತಿರ. ಬನ್ನು ತಿನ್ನೋದು ಬಿಡು ಅಂದ್ರೆ ಬಿಡ್ತೀನಿ, ಸೊಪ್ಪು ಬೇಕಾದ್ರೂ ಮೇಯ್ತೀನಿ. ಮಾಡೋದು ಬಿಡು ಅಂತ ಮಾತ್ರ ಅನ್ನಬೇಡಿ ಅಂತ... ನೀನೇ ಅವರಿಗೆ ಮುಂಚೆ ಹೇಳಿಬಿಡೇ, ತಂಗಿ.