ನರಸಮ್ಮನ ಸೇಬು

ಮಾರ್ಕೆಟ್ಟಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ನಿಂತಿದ್ದರು. ಹಿರಿಯಾಕೆಯ ಚೀಲದ ತುಂಬ ಸೇಬು. ಕಿರಿಯಾಕೆ ಅದರೊಳಗೆ ಬಗ್ಗಿ ನೋಡಿದಳು.

“ಮಾವಿನ್ಹಣ್ಣಿನ ಕಾಲದಲ್ಲಿ ಸೇಬು ತಗೊಂಡಿದೀರಲ್ಲ, ನರಸಕ್ಕ?”

“ನಮ್ಮನೆಯವ್ರಿಗೆ ಡಯಾಲಿಸಿಸ್ ಅಲ್ವಾ ವಾಣಿ. ಮಾವು, ಬಾಳೆ ಯಾವ್ದೂ ಆಗಲ್ಲ. ಸೇಬು ಕೊಡ್ಬೋದು ಅಂದಿದಾರೆ.”

“ಹಾಗೇ ಕೊಡ್ತೀರಾ?”

“ಸಿಪ್ಪೆ ತೆಗ್ದು ಹೆಚ್ಚಿ, ಚಕ್ಕೆ ಪುಡಿ, ಚೂರು ಸಕ್ಕರೆ ಹಾಕ್ತೀನಿ. ಮೈದಾಗೆ ಉಪ್ಪಿಲ್ಲದ ಬೆಣ್ಣೆ ಕಲಸಿ ಮೇಲೆ ಉದುರಿಸ್ತೀನಿ. ನಮ್ ಬೀದಿ ಬೇಕರಿಯವ್ರು ಅವರ ಒಲೇಲಿಟ್ಟು ಬೇಯ್ಸಿ ಕೊಡ್ತಾರೆ.”

“ತಿಂತಾರಾ?”

“ತಿಂತಾರೆ. ಚೆನ್ನಾಗಿದೆ ಅಂತಾರೆ.”

“ಅಣ್ಣ ಹಾಗಂತಾರಾ? ಸಾರಿಗೆ ಒಂದ್ ಕಲ್ಲುಪ್ಪು ಕಮ್ಮಿ ಆದ್ರೆ ತಟ್ಟೆ ತಳ್ತಿದ್ರಲ್ಲ. ಆ ಸದ್ದು ನಮ್ಮನೆಗೂ ಕೇಳ್ಸೋದು.”

“ಈಗ ಯಾವ್ದಕ್ಕೂ ಉಪ್ಪೇ ಇಲ್ಲ. ಎಲ್ಲಾನೂ ಚೆನ್ನಾಗಿದೆ ಅಂತಾರೆ. ಒಂದ್ಸಲ ಬೈದ್ರೆ ಸಾಕು ಅನ್ಸುತ್ತೆ ಕಣೆ.”

ವಾಣಿ ಬಸ್ಸು ಬರುವ ದಿಕ್ಕಿಗೆ ನೋಡಿದಳು. ಬಸ್ಸು ಬಂದು ನಿಂತಿತು.

“ಹೋದ್ವಾರ ಬೇಕಂತಲೇ ಸೀಯಿಸ್ದೆ. ಬೇಕರಿಯವ್ರು ಆಯ್ತು, ತೆಗೀತೀನಿ ಅಂದ್ರು. ಇನ್ನೊಂದ್ ಹತ್ನಿಮಿಷ ಇರ್ಲಿ ಅಂದೆ. ಕರ್ರಗಾಗಿತ್ತು.”

“ಬೈದ್ರಾ?”

ನರಸಮ್ಮ ಚೀಲವನ್ನು ಎದೆಗವಚಿಕೊಂಡು ಬಸ್ಸಿನ ಮೆಟ್ಟಿಲು ಹತ್ತಿದರು. ಹಿಂದೆ ವಾಣಿ ಹತ್ತಿದಳು. ಬಾಗಿಲು ಮುಚ್ಚುವ ಮುಂಚೆ ಉತ್ತರ ಕೇಳಿಸಿತು.

“ಒಂದ್ ಚೂರೂ ಬಿಡ್ದೆ ತಿಂದ್ರು. ಚೆನ್ನಾಗಿದೆ ಅಂದ್ರು.”