ಹೂಂ ಅನ್ನೂಕಿಂತ ಮೊದಲು

ಇಪ್ಪತ್ತು ವರ್ಷ ನನಗೆ ಎರಡು ದಿನದ ರಜೆ ಕೊಡಲು ಹಿಂದೆಮುಂದೆ ನೋಡಿ, ಇವತ್ತು ಎರಡು ವರ್ಷಕ್ಕೆ ಒಮ್ಮೆಲೇ ಬಿಟ್ಟುಕೊಡುತ್ತಿರುವ ಅಧ್ಯಕ್ಷರಾದ ಡಾಕ್ಟರ್ ಶುಭದಾ ಮೇಡಂ ಅವರೇ, ಮುಖ್ಯ ಅತಿಥಿಗಳಾದ ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕ ಪಂಢರೀನಾಥ ಸರ್ ಅವರೇ, ನಮ್ಮ ಹೆರಿಗೆ ವಾರ್ಡಿನ ಸಿಸ್ಟರ್‌ಗಳೇ, ಮುಂದಿನ ಸಾಲಿನಲ್ಲಿ ಗಡಿಯಾರ ನೋಡುತ್ತ ಕುಳಿತಿರುವ ನಮ್ಮ ಯಜಮಾನರೇ, ಇಂಥ ಬಿಸಿಲಲ್ಲಿ ವಿದ್ಯಾಗಿರಿಯ ಈ ಸಭಾಭವನಕ್ಕೆ ಬಂದಿರುವ ಸಭಿಕರೇ,

ನಿಮ್ಮ ಮುಂದೆ ನಿಂತಿರುವ ಈ ಶಿವಬಸವ್ವ ಸಿಸ್ಟರ್ ಕಾಂಗೋ ದೇಶದ ಒಂದು ಹೆರಿಗೆ ಆಸ್ಪತ್ರೆಗೆ ಎರಡು ವರ್ಷದ ಸೇವೆಗೆ ಹೊರಟಿದ್ದಾಳೆ. ಅಲ್ಲಿಯ ಆಸ್ಪತ್ರೆಗಳ ಭಾಷೆಯಾದ ಫ್ರೆಂಚನ್ನು ಐವತ್ತೆರಡನೆಯ ವಯಸ್ಸಿನಲ್ಲಿ ಕಲಿತಿದ್ದಾಳೆ. ಏನು ಓದಿ, ಯಾರ ಹತ್ತಿರ ಕಲಿತಳು ಎಂಬುದನ್ನು ಕಿರಿಯ ಸಿಸ್ಟರ್‌ಗಳಿಗೆ ತಿಳಿಸಲಿ ಎಂದು ಮೇಡಂ ಅಪ್ಪಣೆ ಮಾಡಿದ್ದಾರೆ. ಬರಕೊಂಡು ಬಂದ ಸಾಲಿ ಕನ್ನಡ ಇಲ್ಲಿಗೆ ಮುಗೀತ್ರಿ. ಇನ್ನ ನಮ್ಮ ಮಾತಿನ್ಯಾಗ ಹೇಳ್ತೇನಿ.

ಮೊದಲ ನಮ್ಮ ಹಜರತಬಿ ಸಿಸ್ಟರ್ ನನ್ನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಲು. ಮೂರು ವಾರ ಕಲಿತೆ. ಬೆಕ್ಕು ಹಾಲು ಕುಡೀತೈತಿ. ಬೆಕ್ಕು ಕುರ್ಚಿ ಮ್ಯಾಲ ಕುಂತೈತಿ. ಬೆಕ್ಕು ಕರ್ರಗ ಐತಿ. ನಾ ಅಲ್ಲಿ ಹೋಗಿ ಬೆಕ್ಕಿನ ಬಾಣಂತನ ಮಾಡೂದೇನ್ರಿ? ಒಂದು ದಿನ ತಪ್ಪಿಸಿದ್ರ ಆ ಆ್ಯಪಿನ ಗೊಂಬಿ ಅಳ್ತಿತ್ತು. ವಾರ್ಡಿನ್ಯಾಗ ಅಳೂ ಕೂಸು ಸಾಲದಂತ ಇದೂ ಒಂದು!

ಆಮ್ಯಾಲ ಪಂಢರೀನಾಥ ಸರ್ ತಮ್ಮ ಹತ್ರ ಇದ್ದ ದಪ್ಪ ಫ್ರೆಂಚ್ ಪುಸ್ತಕ ಕೊಟ್ರು. ಸರ್, ನೀವು ಸಿಟ್ಟಾಗಬಾರದು, ಪುಸ್ತಕ ಭಾಳ ಚಲೋ ಐತಿ. ಆದ್ರ ಮೊದಲನೇ ಪಾಠದಾಗ ಒಬ್ಬ ಸಾಹೇಬ ಪ್ಯಾರಿಸ್ಸಿನ ಹೋಟೆಲಿನ್ಯಾಗ ಕಾಫಿ ತರಿಸ್ಕೋತಾನ. ಏಳನೇ ಪಾಠಕ್ಕ ಬಂದ್ರೂ ಅವಂದು ತಿನ್ನೂದು, ಕುಡಿಯೂದು ಮುಗಿದಿಲ್ಲ. ಹೆರಿಗಿ ಬ್ಯಾನಿ ತಿನ್ನಾಕತ್ತಿದಾಕಿ ಮುಂದ ನಿಂತು ನಾ ಕಾಫಿ ತರಸ್ಲೇನ್ರಿ? ವಿಡಿಯೋ ನೋಡಿದೆ. ಅದರಾಗಿನ ಹುಡುಗಿ ಎಷ್ಟು ನಗತಿದ್ಲಂದ್ರ, ಆಕಿ ಹಲ್ಲು ನೋಡ್ತಾ ಮಾತು ಕೇಳೂದ ಮರೀತಿದ್ದೆ.

ಕಡಿಗೆ ನಾನ ಒಂದು ಪರೀಕ್ಷಾ ಇಟ್ಟೆ. ಪುಸ್ತಕಕ್ಕೂ, ಆ್ಯಪಿಗೂ, ಮಾಸ್ತರಿಗೂ ಒಂದ ಪರೀಕ್ಷಾ. ‘ನನಗ ತಿಳೀಲಿಲ್ಲ, ಇನ್ನೊಮ್ಮೆ ಹೇಳವಾ’ ಅನ್ನೂದನ್ನ ಯಾವಾಗ ಕಲಸ್ತೀರಿ? ಸರ್ ಪುಸ್ತಕದಾಗ ತೊಂಬತ್ತನಾಲ್ಕನೇ ಪುಟ, ಟೊಪಿಗಿ ಅಂಗಡಿ ಪಾಠ ಆದ ಮ್ಯಾಲ. ಆ್ಯಪಿನ್ಯಾಗ ಮೂರು ವಾರ ಹುಡುಕಿದರೂ ಸಿಗಲಿಲ್ಲ.

ಸಿಕ್ಕದ್ದು ಪುಣೆದಾಗ ಫ್ರೆಂಚ್ ಕಲಸೂ, ನಮ್ಮ ಕಡೆಯವರ ಆದ ರಂಜನಾ ಬಾಯಿ ಅವರ ಹತ್ರ. ಮುಂಜಾನೆ ಆರೂವರಿಗೆ ಕಂಪ್ಯೂಟರಿನ್ಯಾಗ ಕ್ಲಾಸ್. ಮೊದಲನೇ ದಿನ ಅವರು ಐದು ನಿಮಿಷ ಬರೇ ಫ್ರೆಂಚ್ ಮಾತಾಡಿದ್ರು. ನಾ ‘ಹೂಂ, ಹೂಂ’ ಅನಕೋತ ಗೋಣು ಹಾಕಿದೆ. ಒಮ್ಮೆಲೇ ನಿಲ್ಲಿಸಿ ಕೇಳಿದ್ರು, “ಯಾತಕ್ಕ ಹೂಂ ಅಂದ್ರಿ ಬಾಯಿ? ನಾ ನಿಮ್ಮ ತಾಯಿ ಹೆಸರು ಕೇಳಾಕತ್ತೀನಿ.” ಮಾರಿಗೆ ಹೊಡದಂಗಾತು. ಆವತ್ತ ‘ತಿಳೀಲಿಲ್ಲ, ಇನ್ನೊಮ್ಮೆ ಹೇಳ್ರಿ’ ಅನ್ನೂ ಒಂದ ಮಾತನ್ನ ನನ್ನ ಕಡೆಯಿಂದ ಫ್ರೆಂಚಿನ್ಯಾಗ ಇಪ್ಪತ್ತು ಸಲ ಅನ್ನಿಸಿದ್ರು. ನಾ ಅವರನ್ನ ಗಟ್ಟಿ ಹಿಡಕೊಂಡೆ, ಹನ್ನೊಂದು ತಿಂಗಳು ಬಿಡಲಿಲ್ಲ. ಕಾಂಗೋದ ತಾಯಂದಿರು ಭಾಳ ಮಂದಿ ತಮ್ಮ ತಮ್ಮ ಮಾತು ಆಡ್ತಾರಂತ, ಅಲ್ಲಿನ ಆಯಾ ಅದನ್ನ ಫ್ರೆಂಚಿನ್ಯಾಗ ನನಗ ಹೇಳ್ತಾಳಂತ. ಆಕಿ ಹೇಳಿದ್ದು ನನಗ ತಿಳೀಬೇಕಲ್ರಿ?

ಇಷ್ಟ ಹೇಳಿ ಕುಂದರಬೇಕಂತ ಬಂದಿದ್ದೆ. ಆದ್ರ ಈ ಪರೀಕ್ಷಾ ಎಲ್ಲಿಂದ ಬಂತು ಅನ್ನೂದು ಹೇಳದ ಹೋದ್ರ ನೀವು ಹೊದಿಸಿದ ಈ ಶಾಲು ಹೊತಗೊಳ್ಳಾಕ ನನಗ ಹಕ್ಕಿಲ್ಲ.

ನಮ್ಮ ಮಂದಿಗೆ ‘ಹೂಂ’ ಅನ್ನೂದು ಭಾಳ ಸಸ್ತಾ. ತಿಳದ್ರೂ ಹೂಂ, ತಿಳೀದಿದ್ರೂ ಹೂಂ. ಇಪ್ಪತ್ತಾರು ವರ್ಷದ ಹಿಂದ, ಇಲ್ಲಿಗೆ ಬರೂಕಿಂತ ಮೊದಲ, ನಾ ಒಂದು ಸಣ್ಣ ದವಾಖಾನ್ಯಾಗ ಇದ್ದೆ. ಊರ ಹೆಸರು ಬ್ಯಾಡ. ಹತ್ರದ ಲಂಬಾಣಿ ತಾಂಡಾದಿಂದ ಸೀತಲಿಬಾಯಿ ಅನ್ನಾಕಿ ಹೆರಿಗಿಗೆ ಬಂದಿದ್ಲು. ಗಂಡು ಕೂಸು, ಸುಸೂತ್ರ ಹೆರಿಗಿ. ಮಧ್ಯಾಹ್ನ ನನ್ನ ಕೈ ಹಿಡದು ಲಂಬಾಣಿ ಮಾತಿನ್ಯಾಗ ಏನೋ ಅಂದ್ಲು. ನಾ ಹೂಂ ಅಂದೆ. ಇನ್ನೊಮ್ಮೆ ಅಂದ್ಲು. ಹೂಂ, ಮಲಕೋ ಅಂದೆ. ಮೂರನೇ ಸಲ ಹೇಳಿ ಕಣ್ಣಿನ ಮ್ಯಾಲ ಕೈ ಇಟಗೊಂಡ್ಲು. ನಿದ್ದಿ ಬಂದೈತಿ ಅಂದ್ಕೊಂಡು ಕಿಟಕಿ ಮುಚ್ಚಿ ಊಟಕ್ಕ ಹೋದೆ.

ಸಿಸ್ಟರ್‌ಗಳೇ, ನಿಮಗ ಗೊತ್ತಾತಲ್ಲ? ಬಿ.ಪಿ. ಏರಿತ್ತು. ತಲಿ ಸಿಡೀತಿತ್ತು, ಕಣ್ಣಿಗೆ ಕತ್ತಲಿ ಬರತಿತ್ತು. ತಾಸಿನ್ಯಾಗ ಫಿಟ್ಸ್ ಬಂತು. ಸಂಜಿಗೆ ಆಕಿ ಇರಲಿಲ್ಲ. ಹೊರಗ ಬೇವಿನ ಗಿಡದ ಬುಡಕ ಆಕಿ ನಾದಿನಿ ಕುಂತಿದ್ಲು. ಆಕಿಗೆ ಚಲೋ ಕನ್ನಡ ಬರತಿತ್ತು. ಹತ್ತು ಹೆಜ್ಜಿ ಹೋಗಿ ಕರದಿದ್ರ ಆಗತಿತ್ತು. ನಾ ಕರೀಲಿಲ್ಲ.

ಮರದಿನ ಡಾಕ್ಟರು ಕೇಳಿದಾಗ ಕೇಸ್ ಪೇಪರಿನ್ಯಾಗ ನಾ ಬರದದ್ದು ಇದು: ‘ಬಾಣಂತಿ ಯಾವ ತ್ರಾಸವನ್ನೂ ಹೇಳಲಿಲ್ಲ.’ ಮೇಡಂ, ನೀವು ನನ್ನ ಕಡೆ ಹಂಗ ನೋಡಬ್ಯಾಡ್ರಿ. ಇಪ್ಪತ್ತಾರು ವರ್ಷ ನಮ್ಮವರು ಯಾರಿಗೂ ಹೇಳಿಲ್ಲ, ಅಲ್ಲಿ ಕುಂತ ನಮ್ಮ ಯಜಮಾನರಿಗೂ ಹೇಳಿಲ್ಲ. ಈಗ ಅವರು ಗಡಿಯಾರ ನೋಡೂದು ಬಿಟ್ಟಾರ.

ಹೋದ ವಾರ ತಾಂಡಾಕ್ಕ ಹೋಗಿದ್ದೆ. ಸೀತಲಿಬಾಯಿ ಗಂಡ ಅದಾನ. ಎಲ್ಲಾ ಹೇಳಿದೆ, ಬರದ ಸುಳ್ಳೂ ಹೇಳಿದೆ. ಬೈತಾನ, ಹೊಡೀತಾನ, ಪೊಲೀಸರ ಕಡೆ ಹೋಗ್ತಾನ, ಏನ ಮಾಡಿದ್ರೂ ಸೈ ಅಂತ ನಿಂತಿದ್ದೆ. ಅವ ಒಂದ ಕೇಳಿದ: “ಏನಂದ್ಲ್ರಿ ಅಕ್ಕಾರ, ಆಕಿ?” ಆಕಿ ಅಂದದ್ದರಾಗಿನ ಒಂದು ಶಬ್ದನೂ ನನಗ ನೆನಪಿಲ್ರಿ. ಹ್ಯಾಂಗ ನೆನಪಿರಬೇಕು? ನಾ ಕೇಳೇ ಇರಲಿಲ್ಲ.

ನಾಳಿದ್ದು ಹೊರಡ್ತೇನಿ. ಹೆದರಿಕಿ ಐತಿ, ಆದ್ರೂ ಹೋಗ್ತೇನಿ. ಅಲ್ಲಿ ಯಾವ ತಾಯಿ ಬಾಯಿ ತೆರದ್ರೂ, ನನಗ ತಿಳಿಯೂ ತನಕ ಆಕಿ ಮಂಚ ಬಿಟ್ಟು ಸರಿಯೂದಿಲ್ಲ. ಆಕಿಗೆ ಬ್ಯಾಸರ ಬಂದ್ರ ಬರಲಿ, ನನ್ನ ಫ್ರೆಂಚಿಗೆ ನಕ್ರ ನಗಲಿ.

ಬೀಳ್ಕೊಡೂ ಹೊತ್ತಿಗೆ ನಿಮ್ಮ ಮನಸಿಗೆ ನೋವು ಮಾಡಿದ್ದಕ್ಕ ಕ್ಷಮಿಸ್ರಿ, ಕುಂತು ಕೇಳಿದ್ದಕ್ಕ ಶರಣು. ತಾಂಡಾದಿಂದ ಬಸ್ಸಿಗೆ ಹತ್ತಿಸಾಕ ಆಕಿ ಗಂಡ ರಸ್ತೆ ತನಕ ಬಂದಿದ್ದ. ದಾರಿಯೊಳಗ ಒಂದ ಮಾತು ಅಂದ: “ಆಕಿ ಭಾಳ ಮಾತಾಡಾಕಿ ಅಲ್ರಿ. ಮೂರು ಸಲ ಹೇಳ್ಯಾಳಂದ್ರ, ಭಾಳ ತ್ರಾಸ ಆಗಿರಬೇಕು.”

ನಮಸ್ಕಾರ.